ತತ್ತಿ ಮೂಸದವರು

ಕೊಳೆತ ತತ್ತಿಯ ವಾಸನೆ ಹೇಗಿರುತ್ತದೆ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ರಸಾಯನಶಾಸ್ತ್ರ ಓದಿ ಪದವಿ ಪಡೆದವನು ನಾನು, ಆ ವಾಸನೆಯ ಬಗ್ಗೆ ಪುಟಗಟ್ಟಲೆ ಬರೆದಿದ್ದೇನೆ, ಆದರೂ ಗೊತ್ತಿಲ್ಲ. ನಮ್ಮ ಮನೆಯಲ್ಲಿ ತತ್ತಿ ಎಂಬ ಶಬ್ದವನ್ನೂ ಅವ್ವ ತಲೆಬಾಗಿಲ ಹೊರಗೇ ನಿಲ್ಲಿಸುತ್ತಾಳೆ. ಶ್ಯಾಂಪೂ ಬಾಟಲಿಯ ಮೇಲೆ ತತ್ತಿಯ ಚಿತ್ರವಿತ್ತೆಂದು ಅದನ್ನು ಅಂಗಡಿಗೆ ವಾಪಸ್ ಕಳಿಸಿದವಳು ಅವಳು. ತಂಗಿಯ ಶಾಲೆಯಲ್ಲಿ ತತ್ತಿ ಕೊಡುವ ದಿನ ತಂಗಿ ಬಾಳೆಹಣ್ಣಿನ ಪಾಳಿಯಲ್ಲಿ ನಿಲ್ಲುತ್ತಾಳೆ.

ಪುಸ್ತಕ ಬರೆದವರಿಗೆ ನಮ್ಮ ಅವ್ವನ ಪರಿಚಯವಿರಲಿಲ್ಲ. ಗಂಧಕ ಸೇರಿದ ಸಲ್ಫೈಡ್ ಎಂಬ ಲವಣಕ್ಕೆ ನೀರು ಬೆರೆಸಿದ ಆಸಿಡ್ ಹಾಕಿದರೆ ಒಂದು ಗ್ಯಾಸು ಏಳುತ್ತದೆ, ಅದಕ್ಕೆ ಕೊಳೆತ ಮೊಟ್ಟೆಯ ವಾಸನೆಯಿರುತ್ತದೆ ಎಂದು ಬರೆದು ಅವರು ಕೈ ತೊಳೆದುಕೊಂಡರು. ಅದನ್ನು ಅಬ್ಬಿಗೇರಿಯಿಂದ ರೋಣದ ಕಾಲೇಜಿಗೆ ಬರುವ ಬಸ್ಸಿನಲ್ಲಿ ಜೋತುಬಿದ್ದು ಬಾಯಿಪಾಠ ಮಾಡುವುದು ನನ್ನ ಪಾಲಿಗೆ ಬಂತು.

ನಮ್ಮ ಲ್ಯಾಬಿನ ಸರ್ ಹಣೆಗೆ ಮೂರು ಬೆರಳ ವಿಭೂತಿ ಎಳೆದು, ಆಸಿಡ್ ತಿಂದ ಬಿಳಿ ಕೋಟು ತೊಟ್ಟು ಬರುತ್ತಿದ್ದರು. ಅವರಿಗೂ ನನಗೂ ಆಗುತ್ತಿರಲಿಲ್ಲ. ನಾನು ಬರೆದ ಹಾಳೆಯನ್ನು ಅವರು ಸತ್ತ ಇಲಿಯ ಬಾಲ ಹಿಡಿದ ಹಾಗೆ ಎರಡೇ ಬೆರಳಿನಲ್ಲಿ ಎತ್ತುತ್ತಿದ್ದರು.

ಕಾರಣವಿತ್ತು. ಗ್ಯಾಸನ್ನು ನೇರ ಮೂಗಿಗೆ ಹಿಡಿಯಬಾರದು, ಟೆಸ್ಟ್ ಟ್ಯೂಬಿನ ಬಾಯಿಯಿಂದ ಅಂಗೈಯಲ್ಲಿ ಮೆಲ್ಲಗೆ ಬೀಸಿಕೊಳ್ಳಬೇಕು. ಸರ್ ಅದನ್ನು ಮಂಗಳಾರತಿ ತೆಗೆದುಕೊಂಡ ಹಾಗೆ ಮಾಡುತ್ತಿದ್ದರು. ಕಣ್ಣು ಮುಚ್ಚಿ, ಕೈ ಬೀಸಿ, ಕಡೆಗೆ ತಲೆ ಹಿಂದಕ್ಕೆ ವಾಲಿಸಿ, "ಬಂತಿಲ್ಲೋ ವಾಸನಿ?" ಎನ್ನುತ್ತಿದ್ದರು. ನನಗೆ ಬಂದದ್ದು ವಾಸನೆಯಲ್ಲ, ಸರ್ ಅವರ ನಕಲು. ಕ್ಯಾಂಟೀನಿನ ಹಿಂದೆ ಅವರನ್ನು ಮಾಡಿ ತೋರಿಸಿದೆ. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದು ಸ್ಟೇಟಸ್ಸಿಗೆ ಹಾಕಿದರು. ಅದು ಸರ್ ಅವರ ಮನೆ ಮುಟ್ಟಿತು, ಮನೆಯವರೇ ಬಿದ್ದು ಬಿದ್ದು ನಕ್ಕರಂತೆ. ಊರು ನಕ್ಕರೆ ತಡೆದುಕೊಳ್ಳಬಹುದು, ಊಟಕ್ಕೆ ಬಡಿಸುವವರು ನಕ್ಕರೆ ಅನ್ನ ಇಳಿಯುವುದಿಲ್ಲ.

ಮರುದಿನ ಅವರು ನನ್ನ ಮೇಜಿನ ಮುಂದೆ ಬಂದು ನಿಂತರು.

"ಏನಪಾ ನಾಟಕದವನ, ನೀ ಈ ಲ್ಯಾಬ್ ದಾಟಿ ಹ್ಯಾಂಗ ಹೋಗ್ತೀ ನಾನೂ ನೋಡ್ತೇನಿ."

"ಬಾಗಲದಿಂದ್ರಿ ಸರ್."

ಈ ಒಂದು ಮಾತಿಗೆ ಸರ್ ಕೈಯಲ್ಲಿದ್ದ ನನ್ನ ಇಂಟರ್ನಲ್ ಅಂಕಗಳೆಲ್ಲ ಒಣಗಿ ಹೋದವು. ಇನ್ನು ಕೊನೆಯ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಲವಣ ಸರಿಯಾಗಿ ಗುರುತಿಸಿದರಷ್ಟೇ ಪಾಸು. ಇಲ್ಲದಿದ್ದರೆ ಮತ್ತೊಂದು ವರ್ಷ ಇದೇ ಸರ್, ಇದೇ ಕೋಟು. ಪೇಟೆಯಲ್ಲಿ ಕಡಲೆ ವ್ಯಾಪಾರ ಮಾಡುವ ಅಪ್ಪ ಆಗಲೇ ಚೀಲ ಹೊಲಿಯುವ ದಬ್ಬಣ ತೋರಿಸಿ, "ಇದಕ್ಕ ಪರೀಕ್ಷಾ ಇಲ್ಲ ನೋಡು, ಬಂದ ಕುಂಡ್ರು" ಎನ್ನಲು ಶುರುಮಾಡಿದ್ದ.

ಇಲ್ಲಿ ನನ್ನ ಕಸುಬಿನ ಒಂದು ಗುಟ್ಟು ಹೇಳಬೇಕು. ಒಬ್ಬರ ನಕಲು ಮಾಡುವವನು ಅವರನ್ನು ಅವರ ಹೆಂಡತಿಗಿಂತ ಹೆಚ್ಚು ನೋಡಬೇಕಾಗುತ್ತದೆ. ಕನ್ನಡಿಯ ಮುಂದೆ ಸರ್ ಅವರನ್ನು ಎಷ್ಟು ಮಾಡಿದರೂ ಏನೋ ಒಂದು ಹೊಂದುತ್ತಿರಲಿಲ್ಲ. ಒಂದು ದಿನ ಸುಮ್ಮನೆ ಉಸಿರು ಬಿಗಿಹಿಡಿದು ಕೈ ಬೀಸಿದೆ. ಸರ್ ಹುಬೇಹೂಬ ಬಂದು ನಿಂತರು! ಆಮೇಲೆ ಲ್ಯಾಬಿನಲ್ಲಿ ಕಣ್ಣಿಟ್ಟು ನೋಡಿದೆ. ಹೌದು. ಕೈ ಬೀಸುತ್ತದೆ, ತಲೆ ವಾಲುತ್ತದೆ, ಮೂಗಿನ ಹೊಳ್ಳೆ ಮಾತ್ರ ಅಲುಗುವುದಿಲ್ಲ. ಇಷ್ಟು ವರ್ಷ ವಾಸನೆ ಪಾಠ ಮಾಡಿದ ಮನುಷ್ಯ ಒಂದನ್ನೂ ಒಳಗೆ ಬಿಟ್ಟುಕೊಂಡಿರಲಿಲ್ಲ. ಈ ಸಂಗತಿಯನ್ನು ಯಾರಿಗೂ ಹೇಳದೆ ಕಿಸೆಯಲ್ಲಿ ಕಲ್ಲಿಟ್ಟುಕೊಂಡ ಹಾಗೆ ಇಟ್ಟುಕೊಂಡೆ.

ಪರೀಕ್ಷೆಯ ದಿನ ಬೇರೆ ಊರಿನ ಕಾಲೇಜಿನಿಂದ ಒಬ್ಬರು ಮೇಡಂ ಪರೀಕ್ಷಕರಾಗಿ ಬಂದಿದ್ದರು. ಮೇಡಂ ಪಕ್ಕದ ಕುರ್ಚಿಯಲ್ಲಿ ನಮ್ಮ ಸರ್. ನನ್ನ ಲವಣಕ್ಕೆ ಆಸಿಡ್ ಹಾಕಿದೆ, ಗುಳ್ಳೆ ಎದ್ದಿತು, ಬೀಸಿಕೊಂಡೆ. ನನ್ನ ಮೂಗು ದೊಡ್ಡದು. ಬಸ್ಸಿನಿಂದ ನನಗಿಂತ ಮೊದಲು ಅದೇ ಇಳಿಯುತ್ತದೆ. ಅಂಥ ಮೂಗು ತಡಮಾಡದೆ ಹೇಳಿತು: ಇದು ನಮ್ಮ ಬಸ್ ಸ್ಟ್ಯಾಂಡಿನ ಮಸಾಲಾ ಸೋಡಾ! ಲಿಂಬಿ ಹಿಂಡಿ ಕರಿ ಉಪ್ಪು ಉದುರಿಸಿದಾಗ ಗ್ಲಾಸಿನಿಂದ ಗಪ್ಪನೆ ಏಳುತ್ತದಲ್ಲ, ಅದೇ. ನಿಜ ಹೇಳಬೇಕೆಂದರೆ ಬಾಯಲ್ಲಿ ನೀರೂರಿತು. ಕೊಳೆತದ್ದಕ್ಕೆ ಯಾರಿಗಾದರೂ ಬಾಯಲ್ಲಿ ನೀರೂರುತ್ತದೆಯೇ? ಹಾಗಾಗಿ ತತ್ತಿಯ ನೆನಪೇ ಬರಲಿಲ್ಲ. ಮುಂದೆ ಯಾವ ಪರೀಕ್ಷೆ ಮಾಡಬೇಕೆಂದು ತಿಳಿಯದೆ, ಬಂದ ವಾಸನೆಯನ್ನು ಬಂದ ಹಾಗೆ ಬರೆದು ಕೂತೆ.

ಸರ್ ಹಾಳೆ ಎತ್ತಿಕೊಂಡರು. ಎರಡೇ ಬೆರಳಿನಲ್ಲಿ.

"ನೋಡ್ರಿ ಮೇಡಂ, ಸೋಡಾ ಅಂಗಡಿ ವಾಸನಿ ಅಂತ! ಪರೀಕ್ಷಾದಾಗೂ ಚ್ಯಾಷ್ಟಿ ಇವಂದು."

"ಚ್ಯಾಷ್ಟಿ ಅಲ್ರಿ ಸರ್. ಖರೇನ ಹಂಗ ಬಂತ್ರಿ."

"ನೀ ಖರೇ ಯಾವತ್ತ ಹೇಳೀಯೋ? ಇದಕ್ಕ ಪುಸ್ತಕದಾಗ ಏನ ಬರದೈತಿ? ಕೊಳತ ತತ್ತಿ!"

"ನಾ ತತ್ತಿ ಮೂಸಿಲ್ರಿ. ಮೂಸಲಾರದ್ದನ್ನ ಹ್ಯಾಂಗ ಬರೀಲ್ರಿ? ನೀವು ಮೂಸೀರೇನ್ರಿ?"

ಹೌದು ಎಂದರೆ ವಿಭೂತಿ ಹೋಗುತ್ತದೆ, ಇಲ್ಲ ಎಂದರೆ ಕೋಟು ಹೋಗುತ್ತದೆ. ಸರ್ ಎರಡನ್ನೂ ಬಿಡಲಿಲ್ಲ.

"ನಾ ಶಾಸ್ತ್ರ ಓದೀನೋ."

"ತತ್ತಿ ಹೋಗ್ಲಿ, ಈ ಗ್ಯಾಸರೆ ಮೂಸೀರಿ? ಕೈ ಬೀಸೋ ಮುಂದ ಉಸರ ಹಿಡೀತೀರಲ್ರಿ, ಹಿಂಗ..."

ಎಂದವನೇ ಕಣ್ಣು ಮುಚ್ಚಿ, ಉಸಿರು ಬಿಗಿದು, ತಲೆ ವಾಲಿಸಿ ಮಾಡಿಯೇಬಿಟ್ಟೆ. ಹಿಂದಿನ ಮೇಜಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

"ಹೊರಗ ನಡಿ! ನಡೀ ಮೊದಲ!"

"ಸ್ವಲ್ಪ ತಡೀರಿ ಸರ್," ಎಂದು ಮೇಡಂ ಎದ್ದು ಬಂದರು. ನನ್ನ ಟೆಸ್ಟ್ ಟ್ಯೂಬಿನಿಂದ ಬೀಸಿಕೊಂಡು ನಿಜವಾಗಿಯೂ ಉಸಿರೆಳೆದರು, ಕೆಮ್ಮಿದರು. "ಯಾವ ಸೋಡಾ ತಮ್ಮಾ?"

"ಮಸಾಲಾ ಸೋಡಾರೀ. ಕರೇ ಉಪ್ಪಿಂದು."

"ಕರೇ ಉಪ್ಪಿನಾಗೂ ಇದ ಗ್ಯಾಸಿನ ವಾಸನಿ ಅದ. ಸರ್, ಇವನ ಮೂಗು ಖರೇ ಹೇಳ್ತದ, ಬಾಯಿ ಅಷ್ಟ ಕೆಟ್ಟದ." ನನ್ನ ಕಡೆ ತಿರುಗಿದರು. "ಹಲ್ಲ ಕಿಸೀಬ್ಯಾಡ. ಸೀಸದ ಕಾಗದ ಹಿಡದ ತೋರಸು."

ಸೀಸದ ದ್ರಾವಣದಲ್ಲಿ ಅದ್ದಿದ ಕಾಗದವನ್ನು ಗ್ಯಾಸಿಗೆ ಹಿಡಿದೆ. ರೊಟ್ಟಿ ಹಂಚಿನ ತಳದ ಹಾಗೆ ಕಪ್ಪಗೆ ಮಿಂಚಿತು. ಸಲ್ಫೈಡ್. ಮೇಡಂ ಅಂಕ ಹಾಕಿದರು. ಸರ್ ವೈವಾ ಎಂಬ ಬಾಯಿ ಪರೀಕ್ಷೆಗೆ ಸೊನ್ನೆ ಸುತ್ತಿದರು, ಪೆನ್ನಿನ ಮೊನೆ ಕಾಗದವನ್ನು ತೂರಿಕೊಂಡು ಹೋಯಿತು. ಆದರೂ ಕುತ್ತಿಗೆ ಮಟ್ಟ ನೀರಿನಲ್ಲಿ ಹೊಳೆ ದಾಟಿದವನ ಹಾಗೆ ಪಾಸಾದೆ.

"ಮೇಡಂ ಪಾಸ್ ಮಾಡ್ಯಾರ. ನಾ ಮಾಡಿಲ್ಲ, ನೆನಪಿಡು," ಎಂದರು ಸರ್.

"ನಿಮ್ಮನ್ನ ಮರೀತೇನೇನ್ರಿ?"

ಫಲಿತಾಂಶ ಬಂದ ಮೇಲೆ ಒಂದು ಸಂಜೆ ರೋಣದ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಸೋಡಾ ಗಾಡಿಯ ಮುಂದೆ ಸರ್. ಕೋಟು ಇರಲಿಲ್ಲ, ಕೈಚೀಲದಿಂದ ಮೆಂತ್ಯಪಲ್ಲೆ ಇಣುಕುತ್ತಿತ್ತು.

"ಒಂದ ಮಸಾಲಾ ಸೋಡಾ ಮಾಡಪಾ. ಕರೇ ಉಪ್ಪು ಜರಾ ಜಾಸ್ತಿ ಹಾಕು."

ಗ್ಲಾಸು ಕೈಗೆ ಬಂದ ಮೇಲೆ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಬೀಸಿಕೊಳ್ಳಲಿಲ್ಲ. ನಮಗೆಲ್ಲ ಮಾಡಬೇಡಿ ಎಂದು ಬೈಯುತ್ತಿದ್ದ ಹಾಗೆಯೇ ಮೂಗನ್ನು ನೇರ ಗ್ಲಾಸಿನೊಳಗೆ ಇಳಿಸಿದರು. ಹೊಳ್ಳೆ ಅರಳಿತು. ಎದೆ ಎದ್ದಿತು. ಮುಖ ಹಿಂಡಿದ ಲಿಂಬಿ ಹೋಳಾಯಿತು. ತಲೆ ಎತ್ತಿದರೆ ಎದುರಿಗೆ ನಾನು.

"ಏನ ನೋಡ್ತೀಯೋ?"

"ಬಂತಿಲ್ರೀ ವಾಸನಿ?"

ಸರ್ ಒಂದು ಗುಟುಕೂ ಕುಡಿಯದೆ ಇಡೀ ಗ್ಲಾಸನ್ನು ನನ್ನ ಚಪ್ಪಲಿಯ ಮುಂದೆ ನೆಲಕ್ಕೆ ಸುರಿದರು. ಬರಿಗ್ಲಾಸನ್ನು ಗಾಡಿಯ ಮೇಲೆ ಕುಕ್ಕಿ, ಚೀಲ ಎತ್ತಿಕೊಂಡು ತಿರುಗಿ ನೋಡದೆ ಹೋದರು. "ಯಾಕ್ರೀ ಸರ, ಚಲೋ ಆಗಿಲ್ಲೇನ್ರಿ?" ಎಂದು ಸೋಡಾದವನು ಕೂಗುತ್ತಲೇ ಇದ್ದ.

ಅವರು ಹಾಗೆ ಮೂಸಿದ್ದನ್ನು ಕನ್ನಡಿಯ ಮುಂದೆ ಇನ್ನೂ ಮಾಡಿ ನೋಡುತ್ತಿದ್ದೇನೆ. ಹೊಳ್ಳೆ ಸರಿಯಾಗಿ ಬರುತ್ತಿಲ್ಲ.