ಮಾವ ಹಗೇವಿಗೆ ಇಳಿದದ್ದು

ಮುಚ್ಚಿಟ್ಟ ಸತ್ಯ ಒಳಗೇ ಬೆಳೆದು ಒಂದು ದಿನ ಎದೆಯೊಡೆದು ಹೊರಬರುತ್ತದೆ. ನನಗೆ ಇದನ್ನು ಬೋಧಿಸಿದ ಸೋದರಮಾವ ಮಾತ್ರ ತಮ್ಮ ಸತ್ಕಾರ್ಯಗಳನ್ನೆಲ್ಲ ಅತ್ತೆಯ ಕಣ್ಣು ತಪ್ಪಿಸಿಯೇ ಮಾಡುತ್ತಿದ್ದರು.

ಇಂದು ಬೆಳಿಗ್ಗೆ ಜೋಳದ ಡಬ್ಬಿ ತೆರೆದಾಗ ಬೂಸರದ ವಾಸನೆ ಮೂಗಿಗೆ ಬಡಿಯಿತು. ಬಡಿದದ್ದೇ, ನೆನಪಿನಲ್ಲಿ ನಾನು ಮತ್ತೆ ಮೆಣಸಗಿಯಲ್ಲಿ ಮಾವನ ಹಿತ್ತಲಲ್ಲಿದ್ದೆ. ಆ ವರ್ಷ ಮಲಪ್ರಭೆ ಊರೊಳಗೆ ಬಂದುಹೋಗಿ, ನೆಲದಡಿಯ ಹಗೇವಿನಲ್ಲಿ ತುಂಬಿಟ್ಟ ಜೋಳಕ್ಕೆ ಬೂಸರ ಬಂದಿತ್ತು.

“ಅದನ್ನ ಮುಟ್ಟೀರಿ ಮತ್ತ!” ಎಂದು ಎಚ್ಚರಿಸಿ ಅತ್ತೆ ಇಟಗಿ ಭೀಮವ್ವನ ದರ್ಶನಕ್ಕೆ ಹೊರಟದ್ದೇ ತಡ, ಮಾವ ಅಂಗಿ ಕಳಚಿದರು. ಕಂದೀಲು ಇಳಿಬಿಟ್ಟು ನೋಡಿದೆವು, ಆರಲಿಲ್ಲ.

“ದೀಪ ಉರೀತಂದ್ರ ಗಾಳಿ ಚಲೋ ಐತಿ. ಪ್ರಮೇಯ ಮುಗೀತು,” ಎಂದರು. ಗಣಿತದ ಮಾಸ್ತರಾಗಿದ್ದು ಮುಖ್ಯಾಧ್ಯಾಪಕರಾಗಿ ನಿವೃತ್ತರಾದವರು. ಹಗ್ಗ ಹಿಡಿದವನು ನಾನು, ಇಬ್ಬರು ಮಕ್ಕಳ ತಂದೆ. ಹಸಿರು ಧೂಳಿನಲ್ಲಿ ಒಳ್ಳೆಯ ಕಾಳು ಉಳಿದಿದ್ದೀತೆಂದು ತಾಸುಗಟ್ಟಲೆ ಜೋಳ ಕೆದರಿ ಮೇಲೆ ಬಂದಾಗ ಮಾವನ ಮೀಸೆಗೂ ಬೂಸರ ಹಿಡಿದಿತ್ತು.

“ನಿಮ್ಮತ್ತಿ ಮುಂದ ಬಾಯಿ ಬಿಟ್ಟೀ!”

ಬಿಡುವುದಿಲ್ಲವೆಂದು ಆಣೆ ಮಾಡಿದೆ. ಭೀಮವ್ವನ ಮೇಲೆಯೇ.

ಹತ್ತು ದಿನಕ್ಕೆ ಮಾವನಿಗೆ ಜ್ವರ, ಕೆಮ್ಮು. ರೋಣದಲ್ಲಿ ಡಾಕ್ಟರರು ಎಕ್ಸ್-ರೇ ತೆಗೆದು ನ್ಯುಮೋನಿಯಾ ಎಂದರು. “ಏನ್ ಕೆಲಸ ಮಾಡ್ತೀರಿ?” ಎಂದು ಕೇಳಿಯೂ ಕೇಳಿದರು. ಮಾವ ಕೆಮ್ಮಿನ ನಡುವೆಯೇ ಬೆನ್ನು ನೆಟ್ಟಗೆ ಮಾಡಿ, “ಮುಖ್ಯಾಧ್ಯಾಪಕ. ನಿವೃತ್ತ,” ಎಂದರು. ಸುಳ್ಳಲ್ಲ. ನಾನು ಗೋಡೆಯ ಕ್ಯಾಲೆಂಡರನ್ನು ಶ್ರದ್ಧೆಯಿಂದ ಓದುತ್ತಿದ್ದೆ.

ಒಂದು ಆಂಟಿಬಯಾಟಿಕ್ ಸೋತಿತು, ಇನ್ನೊಂದು ಸೋತಿತು. ಗಜೇಂದ್ರಗಡಕ್ಕೆ ಒಯ್ದೆವು. ಅಲ್ಲಿ ಮೂರನೆಯದೂ ಸೋತ ಹೊತ್ತಿಗೆ ಮಾವನ ಮುಖಕ್ಕೆ ಆಕ್ಸಿಜನ್ ಮಾಸ್ಕ್ ಬಂದಿತ್ತು. ಒಂದು ವಾಕ್ಯಕ್ಕೆ ಅವರ ಉಸಿರು ಸಾಲುತ್ತಿರಲಿಲ್ಲ. ಅತ್ತೆ ಅವರ ಪಾದ ಉಜ್ಜುತ್ತ ಕೂತಿದ್ದರು.

ಅಲ್ಲಿಯ ಡಾಕ್ಟರಮ್ಮ ಎಕ್ಸ್-ರೇ ಫಿಲ್ಮನ್ನು ಕಿಟಕಿಗೆ ಹಿಡಿದರು. “ಬ್ಯಾಕ್ಟೀರಿಯಾ ಆಗಿದ್ರ ಇಷ್ಟೊತ್ತಿಗೆ ಜಗ್ಗಬೇಕಿತ್ತು. ಧೂಳು, ಪಾರಿವಾಳ, ಹಳೇ ಕಾಳು... ಏನರ ಮುಚ್ಚಿಟ್ಟೀರೇನ್ರಿ?”

ಮಾವ ಮಾಸ್ಕಿನ ಮೇಲಿಂದ ನನ್ನತ್ತ ನೋಡಿದರು. ನಕಲು ಮಾಡಿ ಸಿಕ್ಕವರನ್ನು ಅವರು ಹಾಗೆಯೇ ನೋಡುತ್ತಿದ್ದರು.

“ಹಗೇದಾಗ ಇಳಿದಿದ್ರು,” ಎಂದೆ. “ಬೂಸರ ಜ್ವಾಳ. ಹಗ್ಗ ನಾನ ಹಿಡಿದಿದ್ದೆ.”

ಅತ್ತೆಯ ಕೈ ನಿಂತಿತು. “ಇಬ್ರೂ ಸಾಲಿ ಕಲಿತವರು!” ಎಂದರು. ಮತ್ತೆ ಪಾದ ಉಜ್ಜತೊಡಗಿದರು, ತುಸು ಜೋರಾಗಿ.

“ಕಫ ಲಗೂ ಕಳಸ್ರಿ,” ಎಂದರು ಡಾಕ್ಟರಮ್ಮ ನರ್ಸಿಗೆ. “ಜ್ವಾಳಕ್ಕ ಬಂದದ್ದು ಎದಿಗೂ ಬಂದೈತೇನೋ.”

ಬಂದಿತ್ತು. ಶಿಲೀಂಧ್ರದ ಔಷಧಿ ಶುರುವಾಯಿತು. ಆರನೆಯ ದಿನ ಜ್ವರ ಇಳಿಯಿತು.

ಇಂದಿನ ಡಬ್ಬಿಯನ್ನು ನಾನು ಕೆದರಲಿಲ್ಲ. ಮೂಗಿಗೆ ಟವೆಲ್ ಕಟ್ಟಿಕೊಂಡು ಒಯ್ದು ತಿಪ್ಪೆಗೆ ಸುರಿದೆ. ಕೇಳದಿದ್ದರೂ ಹೆಂಡತಿಗೆ ಹೇಳಿದೆ.

ಮಾವ ಬದುಕಿದರು. ಬಲ ಶ್ವಾಸಕೋಶದ ಕೆಳಭಾಗ ಉಳಿಯಲಿಲ್ಲ.