ಉಳಿದ ಎರಡು ಚಮಚ

ನಮ್ಮ ವಿತೊಮಿರ್ ದೊಡ್ಡಪ್ಪ ಮೂವತ್ತೆಂಟು ವರ್ಷ ರೈಲಿನಲ್ಲಿ ಟಿಕೆಟ್ ನೋಡಿದವರು. ಬೆಳಿಗ್ಗೆ ಲಾಪೊವೊದಲ್ಲಿ ಹತ್ತಿದರೆ ಸಂಜೆ ಲಾಪೊವೊದಲ್ಲೇ ಇಳಿಯುತ್ತಿದ್ದರು. ನಡುವೆ ಬರುವ ಊರುಗಳ ಹೆಸರನ್ನು ಬೋಗಿಯಿಂದ ಬೋಗಿಗೆ ಕೂಗಿಕೊಂಡು ಹೋಗುವುದು ಅವರ ಕೆಲಸವಾಗಿತ್ತು. ನಿವೃತ್ತರಾದ ದಿನ, ಜೊತೆಯವರು ಕೊಟ್ಟ ಗೋಡೆ ಗಡಿಯಾರವನ್ನು ಮೇಜಿನ ಮೇಲಿಟ್ಟು ದೊಡ್ಡಮ್ಮನಿಗೆ ಹೇಳಿದರಂತೆ:

“ಸಾವಿರ ಸಲ ‘ಸ್ತಾಲಾಚ್, ಸ್ತಾಲಾಚ್’ ಅಂತ ಕೂಗಿದೀನಿ ದರಿಂಕಾ. ಆ ಊರಲ್ಲಿ ರೊಟ್ಟಿ ಹೇಗಿರುತ್ತೆ ಅಂತ ಕೇಳಿದ್ರೆ ನನಗೆ ಗೊತ್ತಿಲ್ಲ.”

“ಹಾಗಾದ್ರೆ ಇಳಿಯೋಣ ಬಿಡು,” ಅಂದರು ದೊಡ್ಡಮ್ಮ. “ನಾಳೆ ಬೇಡ, ನಾಳೆ ಬಟ್ಟೆ ಒಗೀಬೇಕು. ನಾಡಿದ್ದು.”

ಅಂದಿನಿಂದ ಹನ್ನೊಂದು ವರ್ಷ ಇಬ್ಬರೂ ಇಳಿಯುತ್ತಲೇ ಇದ್ದಾರೆ. ಹೋಟೆಲಿನಲ್ಲಿ ತಂಗುವ ಪ್ರವಾಸ ಅವರದಲ್ಲ. ಅವರು ಇಳಿಯುವ ಊರಿನಲ್ಲೆಲ್ಲ ನಮ್ಮವರು ಯಾರಾದರೂ ಇರಲೇಬೇಕು. ದೊಡ್ಡಪ್ಪನ ಚಿಕ್ಕಪ್ಪನ ಮಕ್ಕಳು, ಮದುವೆಗೆ ಸಾಕ್ಷಿ ನಿಂತವರು, ದೊಡ್ಡಮ್ಮ ಶಾಲೆಯ ಅಡಿಗೆಮನೆಯಲ್ಲಿ ದುಡಿಯುತ್ತಿದ್ದಾಗಿನ ಗೆಳತಿಯ ಬೀಗರು, ಎಲ್ಲರೂ ಬಂಧುಗಳೇ. ಅಕ್ಟೋಬರ್ ಕೊನೆಯಿಂದ ಜನವರಿ ತನಕ ಅವರಿಗೆ ಬಿಡುವೇ ಇರುವುದಿಲ್ಲ. ಅದು ಸ್ಲಾವಾಗಳ ಕಾಲ.

ನಮ್ಮಲ್ಲಿ ಪ್ರತಿ ಮನೆಗೂ ತಂದೆಯಿಂದ ಮಗನಿಗೆ ಬಂದ ಒಬ್ಬ ಸಂತ ಇರುತ್ತಾನೆ. ಅವನ ದಿನವೇ ಆ ಮನೆಯ ಸ್ಲಾವಾ. ಅದಕ್ಕೆ ಯಾರನ್ನೂ ಕರೆಯುವ ಪದ್ಧತಿಯಿಲ್ಲ. ಕರೆದರೆ, ಬರುತ್ತಾರೋ ಇಲ್ಲವೋ ಎಂಬ ಅನುಮಾನವಿತ್ತು ಎಂದಾಗುತ್ತದೆ; ಅದು ಅವಮಾನ. ಒಂದು ಸಲ ಬಂದವರು ಪ್ರತಿ ವರ್ಷ ಬರುತ್ತಾರೆ. ಬಾರದಿದ್ದರೆ ಮಾತ್ರ ಅದು ಸುದ್ದಿ.

ಬಾಗಿಲಲ್ಲೇ ಮನೆಯೊಡತಿ ತಟ್ಟೆ ಹಿಡಿದು ನಿಂತಿರುತ್ತಾಳೆ. ತಟ್ಟೆಯಲ್ಲಿ ಸಕ್ಕರೆ, ಅಕ್ರೋಟು ಬೆರೆಸಿ ಅರೆದ ಬೆಂದ ಗೋಧಿ. ಪಕ್ಕದ ಒಂದು ಲೋಟದಲ್ಲಿ ಒಣ ಚಮಚಗಳು, ಇನ್ನೊಂದರಲ್ಲಿ ನೀರು. ಬಂದವರು ಶಿಲುಬೆಯ ಗುರುತು ಹಾಕಿಕೊಂಡು ಒಂದು ಚಮಚ ಗೋಧಿ ತಿಂದು, ಎಂಜಲು ಚಮಚವನ್ನು ನೀರಿನ ಲೋಟಕ್ಕೆ ಹಾಕಿ ಒಳಗೆ ಹೋಗಬೇಕು. ನಮ್ಮ ಕಡೆಯ ಹೆಂಗಸರು ಎಷ್ಟು ಜನ ಬರಬೇಕೋ ಲೆಕ್ಕ ಹಾಕಿ ಅಷ್ಟೇ ಚಮಚ ಇಡುತ್ತಾರೆ.

ಈ ಗಂಡಹೆಂಡಿರು ಬಂದರೆಂದರೆ ಯಾವ ಮನೆಯಲ್ಲೂ ಹಬ್ಬದ ಕಳೆ ಒಂದು ತೂಕ ಹೆಚ್ಚುತ್ತಿತ್ತು. ದೊಡ್ಡಮ್ಮನ ಕೈಚೀಲದಲ್ಲಿ ಯಾವಾಗಲೂ ಒಂದು ಮಡಿಸಿದ ಏಪ್ರನ್. ಊಟ ಮುಗಿದದ್ದೇ ಅದನ್ನು ಕಟ್ಟಿಕೊಂಡು, ಬೇಡ ಬೇಡ ಅಂದರೂ ಪಾತ್ರೆ ತೊಳೆಯಲು ನಿಲ್ಲುತ್ತಿದ್ದರು. ತೊಳೆಯುತ್ತ ತೊಳೆಯುತ್ತ ಹೂರಣದ ಗುಟ್ಟು ಕೇಳಿ ತಿಳಿದುಕೊಳ್ಳುತ್ತಿದ್ದರು. ದೊಡ್ಡಪ್ಪ ಮಕ್ಕಳನ್ನೆಲ್ಲ ಕುರ್ಚಿಗಳ ಸಾಲಿನಲ್ಲಿ ಕೂರಿಸಿ ಊರುಗಳ ಹೆಸರು ಕೂಗುತ್ತಿದ್ದರು. ಯಾರ ಹಸು ಕರು ಹಾಕಿತು, ಯಾರ ಮಗಳು ಕನ್ನಡಕ ಹಾಕಿಕೊಂಡಳು ಎಂಬ ಸುದ್ದಿಯನ್ನೆಲ್ಲ ಆ ಮನೆಯಿಂದ ಈ ಮನೆಗೆ ಹೊತ್ತು ತರುತ್ತಿದ್ದರು. ಇವರಿಲ್ಲದಿದ್ದರೆ ನಮ್ಮ ಬಳಗದ ಅರ್ಧಕ್ಕರ್ಧ ಜನ ಒಬ್ಬರನ್ನೊಬ್ಬರು ಮರೆತೇಬಿಡುತ್ತಿದ್ದರೇನೋ.

ದೊಡ್ಡಪ್ಪನಲ್ಲಿ ಇದ್ದ ದೋಷ ಒಂದೇ: ಬಾಯಿ.

ಸಂತ ನಿಕೊಲಾನ ದಿನ, ಡಿಸೆಂಬರ್ ಹತ್ತೊಂಬತ್ತು, ದೊಡ್ಡಮ್ಮನ ತವರಿನ ಸ್ಲಾವಾ. ಅಜ್ಜ ತೀರಿಕೊಂಡ ಮೇಲೆ ಅದು ಬೊರಿಸಾವ್ ಮಾವನಿಗೆ, ಅಂದರೆ ದೊಡ್ಡಮ್ಮನ ತಮ್ಮನಿಗೆ, ಬಂತು. ಆ ದಿನ ಕ್ರಿಸ್ಮಸ್ ಮುಂಚಿನ ಉಪವಾಸದೊಳಗೆ ಬೀಳುತ್ತದೆ. ಮಾಂಸವಿಲ್ಲ, ಹಾಲಿಲ್ಲ, ಬೆಣ್ಣೆಯಿಲ್ಲ, ಮೊಟ್ಟೆಯಿಲ್ಲ; ಮೀನು ಮಾತ್ರ ನಡೆಯುತ್ತದೆ. ಇಷ್ಟೆಲ್ಲ ಇಲ್ಲಗಳ ನಡುವೆ ಹದಿನೈದು ಬಗೆ ಮಾಡಿ ಬಡಿಸುವುದು ಮಾವನ ಹೆಂಡತಿ ಸ್ತಾಮೆನಾ ಅತ್ತೆಯ ಹೆಮ್ಮೆ. ಅದರಲ್ಲೂ ಅವರ ಸಾರ್ಮಾ: ಹುಳಿ ಬಂದ ಎಲೆಕೋಸಿನ ಎಲೆಯಲ್ಲಿ ಅಕ್ಕಿ, ಅಕ್ರೋಟು, ಅಣಬೆ ಸುತ್ತಿ ಇಡೀ ರಾತ್ರಿ ಸಣ್ಣ ಉರಿಯಲ್ಲಿ ಬೇಯಿಸಿದ್ದು.

ಅಂಥ ಮೇಜಿನ ಮುಂದೆ ಕೂತು, ಪಾದ್ರಿಯ ಎದುರಿಗೆ, ನಾಲ್ಕನೆಯ ಸಾರ್ಮಾ ಬಾಯಿಗಿಡುತ್ತ ದೊಡ್ಡಪ್ಪ ಅಂದರು:

“ಚೆನ್ನಾಗಿದೆ. ಆದ್ರೆ ಲೆಸ್ಕೊವಾಟ್ಸ್‌ನಲ್ಲಿ ನಮ್ಮ ಮದುವೆಗೆ ಸಾಕ್ಷಿ ನಿಂತ ಸ್ರೆಟೆನ್ ಮನೇಲಿ ಹೋದ ತಿಂಗಳು ಮಾಡಿದ್ರು ನೋಡಿ. ಹೊಗೆ ಹಾಕಿದ ಹಂದಿ ಪಕ್ಕೆಲುಬು ಒಳಗೆ. ಬೆರಳಿಂದ ಮುಟ್ಟಿದ್ರೆ ಮಾಂಸ ಕಳಚಿ ಬೀಳ್ತಿತ್ತು.”

ಪಾದ್ರಿ ಕೆಮ್ಮಿದರು. ಸ್ತಾಮೆನಾ ಅತ್ತೆ ಕೂಗಾಡಲಿಲ್ಲ. ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟರು.

“ಹಾಗಿದ್ರೆ ಬರೋ ವರ್ಷ ಇಲ್ಲಿ ತನಕ ಬಂದು ಯಾಕೆ ಕಷ್ಟಪಡ್ತೀರಿ ಅಣ್ಣ? ಸೀದಾ ಅಲ್ಲಿಗೇ ಹೋಗ್ಬಿಡಿ.”

ಯಾರೂ ನಗಲಿಲ್ಲ. ಸ್ಲಾವಾಕ್ಕೆ ಬಾ ಎಂದು ಹೇಳುವುದೇ ಇಲ್ಲದಿರುವಾಗ, ಬರಬೇಡ ಎಂದು ಹೇಳುವ ಮಾತು ನಮ್ಮ ಬಳಗದಲ್ಲಿ ಅದುವರೆಗೆ ಯಾರ ಬಾಯಿಂದಲೂ ಬಂದಿರಲಿಲ್ಲ.

ಮುಂದಿನ ನವೆಂಬರ್ ಹದಿನಾರಕ್ಕೆ ದೊಡ್ಡಪ್ಪನ ಮನೆಯ ಸ್ಲಾವಾ ಬಂತು. ದೊಡ್ಡಮ್ಮ ಇಪ್ಪತ್ತಮೂರು ಚಮಚ ಇಟ್ಟರು. ಸಂಜೆಯಾಗುವ ಹೊತ್ತಿಗೆ ಇಪ್ಪತ್ತೊಂದು ನೀರಿನ ಲೋಟದಲ್ಲಿದ್ದವು, ಎರಡು ಒಣದಾಗಿಯೇ ಉಳಿದವು. ತಮ್ಮ ಬರಲಿಲ್ಲ, ತಮ್ಮನ ಹೆಂಡತಿಯೂ ಬರಲಿಲ್ಲ. ನಾನು ಆ ಎರಡನ್ನೂ ಡಬ್ಬಿಗೆ ಹಾಕಲು ಹೋದಾಗ ದೊಡ್ಡಮ್ಮ ಕೈ ತಡೆದರು.

“ಅವನ್ನ ಬೇರೆ ಇಡು.”

ಅವರ ಭಯ ನಮಗೆಲ್ಲ ಗೊತ್ತಿತ್ತು. ತವರಿನ ಸಂತನ ಮುಂದೆ ಹುಟ್ಟಿದಾಗಿನಿಂದ ಒಂದು ವರ್ಷವೂ ತಪ್ಪದೆ ನಿಂತವರು ಅವರು. ಈ ಡಿಸೆಂಬರ್‌ನಲ್ಲಿ ಹೋಗದಿದ್ದರೆ ಆ ಬಾಗಿಲು ಮುಚ್ಚಿದಂತೆಯೇ. ಹೋಗಿ, ಅಲ್ಲಿ ತಮಗೆಂದು ಚಮಚ ಇಟ್ಟಿರದಿದ್ದರೆ ಅದಕ್ಕಿಂತ ಕೆಟ್ಟದ್ದು. ಫೋನ್ ಮಾಡಿ ಕೇಳುವಂತಿಲ್ಲ. ಕೇಳಿದರೆ ಅದೇ ಕರೆಸಿಕೊಂಡಂತಾಗುತ್ತದೆ.

ಡಿಸೆಂಬರ್ ಹತ್ತೊಂಬತ್ತರಂದು ಹೊರಟೇಬಿಟ್ಟರು. ನಿಶ್‌ನಲ್ಲಿ ಓದುತ್ತಿದ್ದ ನಾನು ಅಲ್ಲಿಂದ ಜೊತೆಯಾದೆ. ದೊಡ್ಡಮ್ಮನ ತಂಗಿಯಾದ ನನ್ನ ಅಮ್ಮ ಹಸುಗಳನ್ನು ಬಿಟ್ಟು ಬರುವವಳಲ್ಲ, ಅವಳ ಬದಲಿಗೆ ನಾನು. ಕ್ನ್ಯಾಜೆವಾಟ್ಸ್ ಕಡೆಗೆ ಹೋಗುವ ಒಂದೇ ಬೋಗಿಯ ಡೀಸೆಲ್ ಗಾಡಿ ಬೆಟ್ಟದ ಸಂದಿಯಲ್ಲಿ ನಡೆಯುವವನ ವೇಗದಲ್ಲಿ ಹತ್ತುತ್ತಿತ್ತು. ಪ್ರತಿ ನಿಲ್ದಾಣ ಬರುವ ಮೊದಲೇ ದೊಡ್ಡಪ್ಪ ಅದರ ಹೆಸರು ಹೇಳುತ್ತಿದ್ದರು. ದಪ್ಪ ಮೀಸೆಯ ಕಂಡಕ್ಟರು ಮೂರನೆಯ ಸಲಕ್ಕೆ ಟೊಪ್ಪಿ ತೆಗೆದು ಅವರ ತೊಡೆಯ ಮೇಲಿಟ್ಟ.

“ತಗೊಳ್ಳಿ ಯಜಮಾನ್ರೇ, ನೀವೇ ನೋಡ್ಕೊಳ್ಳಿ. ನಾನು ಸ್ವಲ್ಪ ಕಣ್ಣು ಮುಚ್ತೀನಿ.”

ಇನ್ನು ಯಾವಾಗಲಾದರೂ ಆಗಿದ್ದರೆ ದೊಡ್ಡಮ್ಮ ಬಿದ್ದು ಬಿದ್ದು ನಗುತ್ತಿದ್ದರು. ಅಂದು ಬುಟ್ಟಿ ಬಿಚ್ಚಿ ಜೋಳದ ರೊಟ್ಟಿ, ಕೆಂಪು ಮೆಣಸಿನ ಗೊಜ್ಜು, ಅಕ್ರೋಟು ತುಂಬಿದ ಒಣ ಪ್ಲಮ್ ಹಣ್ಣು ತೆಗೆದಿಟ್ಟರು. ರೊಟ್ಟಿಗೂ ಉಪವಾಸ, ಮೊಸರು ಮೊಟ್ಟೆ ಹಾಕಿರಲಿಲ್ಲ. ದೊಡ್ಡಪ್ಪ ತಿಂದು ಮುಗಿಸುವ ತನಕ ಕಾದು, ಪಾಠ ಶುರು ಮಾಡಿದರು.

“ಸೂಪ್ ಕೊಟ್ರೆ ಏನಂತೀಯ?”

“ಚೆನ್ನಾಗಿದೆ.”

“ಮೀನು ಕೊಟ್ರೆ?”

“ಚೆನ್ನಾಗಿದೆ. ಆದ್ರೆ ಡ್ಯಾನ್ಯೂಬ್ ದಡದಲ್ಲಿ ನಮ್ಮ...”

“ಆದ್ರೆ ಗೀದ್ರೆ ಇಲ್ಲ.”

“ಚೆನ್ನಾಗಿದೆ.”

“ಸಾರ್ಮಾ ಕೊಟ್ರೆ?”

ದೊಡ್ಡಪ್ಪ ಕಿಟಕಿಯ ಹೊರಗೆ ನೋಡಿದರು. “ಸಾರ್ಮಾ ಕೊಟ್ರೆ ಬಾಯಿ ತುಂಬಾ ತುರುಕ್ಕೊತೀನಿ ಮಾರಾಯ್ತಿ. ಮಾತಿಗೆ ಜಾಗ ಇದ್ರೆ ತಾನೆ?”

ಗಾಡಿ ತಿರುವಿನಲ್ಲಿ ಕುಲುಕಿದಾಗಲೆಲ್ಲ ದೊಡ್ಡಮ್ಮನ ಕೈಚೀಲದಲ್ಲಿ ಏನೋ ಕಿಣಿ ಕಿಣಿ ಅನ್ನುತ್ತಿತ್ತು. ಏನದು ಎಂದು ಕೇಳಿದೆ.

“ಚಮಚ,” ಅಂದರು. “ಅವತ್ತು ಬೇರೆ ಇಡಿಸಿದ್ನಲ್ಲ, ಅವೇ.”

“ಯಾಕೆ ದೊಡ್ಡಮ್ಮ?”

ಅವರು ಚೀಲದ ಬಾಯಿ ಬಿಗಿದರು. “ಅಲ್ಲಿ ನಮಗೆ ಅಂತ ಇಟ್ಟಿಲ್ದೇ ಇದ್ರೆ ನಮ್ಮದೇ ತೆಗೆದು ಒಂದೊಂದು ಚಮಚ ಗೋಧಿ ತಿಂದು, ಸಂತನ ಮುಂದಿನ ಮೇಣದಬತ್ತಿ ನೋಡಿ, ಮಧ್ಯಾಹ್ನದ ಗಾಡಿಗೆ ವಾಪಸ್ ಬರೋಣ. ಗೋಧಿ ನಮ್ಮಪ್ಪನ ಸಂತಂದು. ಸ್ತಾಮೆನಾದಲ್ಲ.”

ದೊಡ್ಡಪ್ಪ ಅವರ ಕೈ ಮೇಲೆ ಕೈಯಿಟ್ಟರು. “ನನ್ನಿಂದ ಆಯ್ತು,” ಅಂದರು.

“ನಿನ್ನಿಂದಲೇ. ಮತ್ಯಾರಿಂದ? ರೊಟ್ಟಿ ಚೂರು ಗಡ್ಡದ ಮೇಲಿದೆ, ಒರೆಸ್ಕೊ.”

ನಿಲ್ದಾಣದಿಂದ ಮಾವನ ಹಳ್ಳಿಗೆ ಎರಡು ಕಿಲೋಮೀಟರ್. ಹಿಮ ಕರಗಿ ಕೆಸರಾಗಿತ್ತು. ದೊಡ್ಡಪ್ಪನ ಎಡಮೊಣಕಾಲು ಸರಿಯಿಲ್ಲ. ದೊಡ್ಡಮ್ಮ ಅವರ ತೋಳು ಹಿಡಿದು, ಎಂದಿನಂತೆ ತಾವೇ ಅವರನ್ನು ಆತುಕೊಂಡು ನಡೆಯುವವರಂತೆ ನಟಿಸುತ್ತ ಬಂದರು. ಗೇಟು ತೆರೆದಾಗ ಒಳಗಿನಿಂದ ಮಾತು, ತಟ್ಟೆಗಳ ಸದ್ದು ಕೇಳುತ್ತಿತ್ತು. ಎಲ್ಲರೂ ಬಂದು ಕೂತಾಗಿತ್ತು. ಬೊರಿಸಾವ್ ಮಾವ ಮಾತ್ರ, ಸ್ಲಾವಾದ ದಿನ ಮನೆಯ ಯಜಮಾನ ಕೂರಬಾರದಲ್ಲ, ಹೂಜಿ ಹಿಡಿದು ನಿಂತೇ ಇದ್ದರು. ನಮ್ಮನ್ನು ನೋಡಿ ಬಾಗಿಲ ತನಕ ಬಂದರು.

“ಸಂತನ ಕೃಪೆ ಈ ಮನೆ ಮೇಲಿರಲಿ,” ಅಂದರು ದೊಡ್ಡಪ್ಪ, ಊರಿನ ಹೆಸರು ಕೂಗುವ ದನಿಯಲ್ಲಿ.

ಸ್ತಾಮೆನಾ ಅತ್ತೆ ಅಡಿಗೆಮನೆಯಿಂದ ತಟ್ಟೆ ತಂದರು. ಮುಖ ಕೆಂಪಾಗಿತ್ತು. ಒಲೆಯ ಝಳವೋ ಮತ್ತೇನೋ ತಿಳಿಯಲಿಲ್ಲ. ದೊಡ್ಡಮ್ಮ ಅವರ ಮುಖ ನೋಡಲಿಲ್ಲ, ಒಣ ಚಮಚದ ಲೋಟ ನೋಡಿದರು. ನಾನೂ ನೋಡಿದೆ. ಅದರಲ್ಲಿ ಮೂರು ಚಮಚ ಇದ್ದವು.

ಮೂರನೆಯದು ನನ್ನ ಅಮ್ಮನ ಲೆಕ್ಕ. ಹಾಗಾದರೆ ಉಳಿದೆರಡು ಯಾರವು ಎಂದು ಹೇಳಬೇಕಾಗಿರಲಿಲ್ಲ.

ದೊಡ್ಡಮ್ಮ ಶಿಲುಬೆಯ ಗುರುತು ಹಾಕಿಕೊಳ್ಳಲು ಕೈಯೆತ್ತಿದರು. ಚೀಲ ತೋಳಿನಿಂದ ಜಾರಿ ಕಲ್ಲುಹಾಸಿನ ಮೇಲೆ ಬಿದ್ದು ಬಾಯಿ ಬಿಚ್ಚಿಕೊಂಡಿತು. ಎರಡು ಚಮಚ ಟಣ್ ಎಂದು ಹಾರಿ ಅತ್ತೆಯ ಕಾಲ ಬುಡಕ್ಕೆ ಹೋದವು. ಮೇಜಿನ ಮುಂದೆ ಕೂತವರೆಲ್ಲ ತಿರುಗಿ ನೋಡಿದರು.

“ಇದೇನು ಅತ್ತಿಗೆ?” ಅಂದರು ಸ್ತಾಮೆನಾ ಅತ್ತೆ.

“ಚಮಚ.”

“ಕಾಣ್ತಿದೆ. ನಮ್ಮನೇಲಿ ಚಮಚ ಇಲ್ಲ ಅಂತ ತಂದ್ರಾ?”

ದೊಡ್ಡಮ್ಮ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

“ಅದಕ್ಕೂ ತಂದೆ. ಆದ್ರೆ ಇವು ನಿಮ್ಮಿಬ್ಬರವು. ನವೆಂಬರ್ ಹದಿನಾರರಿಂದ ನಮ್ಮನೇಲಿ ಒಣಗ್ತಾ ಬಿದ್ದಿದ್ವು.”

ಅತ್ತೆ ತಟ್ಟೆಯನ್ನು ನನ್ನ ಕೈಗೆ ಕೊಟ್ಟು ಬಗ್ಗಿ ಎರಡೂ ಚಮಚ ಎತ್ತಿಕೊಂಡರು. ಕಣ್ಣನ್ನು ತೋಳಿನಲ್ಲಿ ಒರೆಸಿಕೊಂಡರು.

“ನಾನು ಹಾಗಂದ ಮೇಲೆ ಯಾವ ಮುಖ ಇಟ್ಕೊಂಡು ಬರ್ಲಿ? ಇವರು ಕೋಟು ಹಾಕ್ಕೊಂಡು ಎರಡು ಸಲ ಗೇಟಿನ ತನಕ ಹೋದ್ರು. ಎರಡು ಸಲವೂ ನಾನೇ ಒಳಗೆ ಕರ್ಕೊಂಡು ಬಂದೆ.”

“ಮೂರು ಸಲ,” ಅಂದರು ಮಾವ ಹೂಜಿ ಹಿಡಿದೇ.

ಗೋಧಿ ತಿಂದು ಕೂತೆವು. ಬೇಳೆ ಸೂಪ್ ಬಂತು, ಒಣ ಪ್ಲಮ್ ಮೇಲೆ ಬೇಯಿಸಿದ ಮೀನು ಬಂತು, ಕುಂಬಳಕಾಯಿ ಕಡುಬಿನ ತುಂಡು ಬಂತು. ದೊಡ್ಡಪ್ಪ ಒಂದೊಂದಕ್ಕೂ “ಚೆನ್ನಾಗಿದೆ” ಎಂದು ಹೇಳಿ ಬಾಯಿ ಮುಚ್ಚುತ್ತಿದ್ದರು. ಸಾರ್ಮಾ ಬಂದಾಗ ಎರಡನ್ನು ಒಟ್ಟಿಗೆ ಬಾಯಿಗೆ ತುರುಕಿ, ಕಣ್ಣಲ್ಲಿ ನೀರು ತುಂಬಿಕೊಂಡು, ತಲೆಯಾಡಿಸಿದರು. ಅತ್ತೆ ಬಟ್ಟಲು ಹಿಡಿದು ಅವರ ಹಿಂದೆಯೇ ನಿಂತಿದ್ದರು.

“ಏನಾಗಿದೆ ಅಣ್ಣ ನಿಮಗೆ? ನಾಲಿಗೆ ಅಡ ಇಟ್ಟು ಬಂದಿದೀರಾ? ಹೇಳಿ ಪರವಾಗಿಲ್ಲ. ಈ ವರ್ಷ ಲೆಸ್ಕೊವಾಟ್ಸ್‌ನಲ್ಲಿ ಏನು ಹಾಕಿದ್ರು?”

ದೊಡ್ಡಪ್ಪ ಹೆಂಡತಿಯ ಕಡೆ ನೋಡಿದರು. ದೊಡ್ಡಮ್ಮ ಫೋರ್ಕ್ ಕೆಳಗಿಟ್ಟರು.

“ನಾನು ಹೇಳ್ತೀನಿ ಕೇಳು ಸ್ತಾಮೆನಾ. ಇಡೀ ಹಂದಿ ಸುಟ್ಟು ಮೇಜಿನ ಮೇಲಿಟ್ಟಿದ್ರು. ಸ್ರೆಟೆನ್ ಬೆಳಗಿನ ಜಾವದಿಂದ ಬೆಂಕಿ ಮುಂದೆ ನಿಂತು ತಿರುಗಿಸಿದ್ನಂತೆ, ಹುಬ್ಬು ಸುಟ್ಟುಕೊಂಡಿದ್ದ. ಈ ಮಹಾರಾಯ ಮೂರನೇ ತುಂಡು ತಿಂತಾ ಅಂತಾನೆ, ‘ಚೆನ್ನಾಗಿದೆ, ಆದ್ರೆ ನಮ್ಮ ಸ್ತಾಮೆನಾ ಅಕ್ರೋಟಿನ ಸಾರ್ಮಾ ಮಾಡ್ತಾಳೆ ನೋಡಿ, ಅದರ ಮುಂದೆ ಮಾಂಸ ಯಾಕೆ ಬೇಕು?’”

ಯಾರೋ ಗೊಳ್ಳೆಂದರು. ಅತ್ತೆ ನಗಲಿಲ್ಲ, ನಂಬಲೋ ಬೇಡವೋ ಎಂದು ನೋಡುತ್ತಿದ್ದರು.

“ಆಮೇಲೆ?”

“ಆಮೇಲೇನು? ಸ್ರೆಟೆನ್ ಹೆಂಡ್ತಿ ಅಂದ್ಳು, ‘ಹಾಗಿದ್ರೆ ಅಲ್ಲಿಗೇ ಹೋಗಿ.’ ನೀನೂ ಹೋಗಿ ಅಂತೀಯ, ಅವಳೂ ಹೋಗಿ ಅಂತಾಳೆ. ಎಲ್ಲಿಗೆ ಅಂತ ಹೋಗೋದು ನಾವು?”

ಆಗ ಅತ್ತೆ ನಕ್ಕರು. ಬಟ್ಟಲು ಅಲುಗಿ ಸಾರ್ಮಾದ ರಸ ದೊಡ್ಡಪ್ಪನ ಭುಜದ ಮೇಲೆ ಚೆಲ್ಲಿತು. ಮಾವ ಹೂಜಿಯನ್ನು ಕೆಳಗಿಟ್ಟು, ಯಜಮಾನ ಕೂರಬಾರದೆಂಬುದನ್ನು ಮರೆತು, ಅಕ್ಕನ ಪಕ್ಕದ ಕುರ್ಚಿಯಲ್ಲಿ ಕೂತುಬಿಟ್ಟರು. ಪಾದ್ರಿ ನೋಡಿಯೂ ನೋಡದವರಂತೆ ಮೀನಿನ ಮುಳ್ಳು ಬಿಡಿಸುತ್ತಿದ್ದರು.

ನಾನು ಆ ಮೇಲೆ ಯೋಚಿಸಿದ್ದುಂಟು. ದೊಡ್ಡಪ್ಪ ಯಾವ ಮನೆಯಲ್ಲಿ ಕೂತರೂ ಆ ಮನೆಯವರನ್ನು ಹೊಗಳಿದ್ದು ಕಡಿಮೆ. ಅಲ್ಲಿಲ್ಲದವರನ್ನು ಹೊಗಳದೆ ಎದ್ದದ್ದಂತೂ ಇಲ್ಲ. ಅಷ್ಟು ವರ್ಷ ಕಿಟಕಿಯಾಚೆ ದಾಟಿಹೋದ ಊರುಗಳು ಅವರೊಳಗೆ ಹಾಗೇ ಉಳಿದಿದ್ದವೋ ಏನೋ.

ಮರುದಿನ ಬೆಳಿಗ್ಗೆ ಹೊರಡುವಾಗ ಸ್ತಾಮೆನಾ ಅತ್ತೆ ಸಾರ್ಮಾದ ಡಬ್ಬಿ ಕಟ್ಟಿಕೊಟ್ಟರು. ದೊಡ್ಡಮ್ಮ ಚಮಚಗಳನ್ನು ಹುಡುಕಿದರು.

“ಅವು ಸಿಗಲ್ಲ ಅತ್ತಿಗೆ,” ಅಂದರು ಅತ್ತೆ. “ನಮ್ಮವು ಅಂದ್ರಲ್ಲ. ನಾವೇ ತರ್ತೀವಿ.”

ಯಾವಾಗ ಎಂದು ದೊಡ್ಡಮ್ಮ ಕೇಳಲಿಲ್ಲ. ನವೆಂಬರ್ ಹದಿನಾರು ಇಬ್ಬರಿಗೂ ಗೊತ್ತಿತ್ತು.

ಇಳಿಜಾರಿನಲ್ಲಿ ಗಾಡಿ ಸಲೀಸಾಗಿ ಓಡುತ್ತಿತ್ತು. ಕೈಚೀಲ ಕುಲುಕಿದರೂ ಸದ್ದಿರಲಿಲ್ಲ. ಎರಡನೆಯ ನಿಲ್ದಾಣ ದಾಟುವ ಮೊದಲೇ ದೊಡ್ಡಪ್ಪ ಡಬ್ಬಿ ಬಿಚ್ಚಿ ಒಂದು ಸಾರ್ಮಾ ಬಾಯಿಗಿಟ್ಟು, ಕಣ್ಣು ಮುಚ್ಚಿ ಅಗಿದರು.

“ಚೆನ್ನಾಗಿದೆ,” ಅಂದರು. “ಆದ್ರೆ ನಿನ್ನೆ ಬರೋವಾಗ ತಿಂದ್ವಲ್ಲ, ನಿನ್ನ ಜೋಳದ ರೊಟ್ಟಿ...”

“ಅದು ಖಾಲಿಯಾಯ್ತಲ್ಲೋ ಮಾರಾಯ.”

“ಅದಕ್ಕೇ ಹೇಳಿದ್ದು,” ಅಂದರು ದೊಡ್ಡಪ್ಪ.