ದಯೆಯ ಎಪ್ಪತ್ತೈದು

ನೆಗ್ರೋಸ್ ದ್ವೀಪದ ಕಬ್ಬಿನ ಸೀಮೆಯ ಆ ಸರ್ಕಾರಿ ಹೈಸ್ಕೂಲಿನಲ್ಲಿ ಫೇಲಾಗುವುದು ಸುಲಭದ ಮಾತಲ್ಲ. ಪಾಸಾಗಲು ನೂರಕ್ಕೆ ಎಪ್ಪತ್ತೈದು ಬೇಕು. ಬಾರದವರಿಗೆ ‘ಪ್ರಾಜೆಕ್ಟ್’ ಇದೆ. ನೆಲಕ್ಕೆ ತಿಕ್ಕುವ ಕೆಂಪು ಮೇಣದ ಡಬ್ಬಿಯೋ, ಕಿಟಕಿಗೆ ಪರದೆಯೋ, ತೆಂಗಿನಕಡ್ಡಿ ಪೊರಕೆಯೋ ತಂದುಕೊಟ್ಟರೆ ಸಾಕು, ಎಂಥ ಕಡಿಮೆ ಅಂಕವೂ ಎಪ್ಪತ್ತೈದಾಗುತ್ತದೆ. ಮಕ್ಕಳ ಬಾಯಲ್ಲಿ ಅದು ದಯೆಯ ಪಾಸು. ಹಾಗಾಗಿ ಶಾಲೆಯ ನೆಲ ವರ್ಷವಿಡೀ ಫಳಫಳ ಹೊಳೆಯುತ್ತದೆ. ಅದರ ಮೇಲೆ ಓಡಾಡುವವರಲ್ಲಿ ಎಷ್ಟು ಮಂದಿಗೆ ಓದಲು ಬರುತ್ತದೆ ಎಂದು ಕೇಳುವ ಕೆಟ್ಟ ಅಭ್ಯಾಸ ಯಾರಿಗೂ ಇಲ್ಲ.

ಲಿಯೊನಿಲಾ ಲಚಿಕಾ, ಎಲ್ಲರಿಗೂ ನಿಲಾ ಮ್ಯಾಮ್, ಈ ಶಾಲೆಗೆ ಪಾಠ ಹೇಳಲು ಬಂದಾಗ ಚಿಕ್ಕ ವಯಸ್ಸು. ಮದುವೆಯಾಗಲಿಲ್ಲ. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಂಡಳು, ತಮ್ಮಂದಿರನ್ನು ದಡ ಸೇರಿಸಿದಳು. ಕೂದಲು ಬೆಳ್ಳಗಾಗುವವರೆಗೆ ಎಲ್ಲರಂತೆ ತಾನೂ ದಯೆ ಹಂಚಿದಳು. ಮೂಗಿನ ತುದಿಯಲ್ಲೇ ಕೋಪ, ಆದರೆ ಪೆನ್ನಿನ ತುದಿಗೆ ಅದು ಇಳಿದದ್ದೇ ಇಲ್ಲ. ಹತ್ತನೇ ತರಗತಿಗೆ ಜೆರ್ವಿನ್ ಬರುವ ತನಕ.

ಜೆರ್ವಿನ್ ತರಗತಿಯನ್ನೆಲ್ಲ ನಗಿಸುವ ಹುಡುಗ. ಓದುವ ಸರದಿ ಬಂದಾಗ ಅವನಿಗೆ ಮೂತ್ರಕ್ಕೆ ಅವಸರವಾಗುತ್ತಿತ್ತು. ಒಂದು ದಿನ ಮ್ಯಾಮ್ ಬಾಗಿಲಿಗೆ ಅಡ್ಡ ನಿಂತು ಓದಿಸಿದಳು. ಪಕ್ಕದವನು ಓದಿದ್ದನ್ನೇ ಅವನು ಪಟಪಟ ಹೇಳಿದ. ಅವಳು ಪುಟ ತಿರುವಿದಳು. ಅಲ್ಲೂ ಅದನ್ನೇ ಹೇಳಿದ. ಸಂಜೆ ಎಲ್ಲರೂ ಹೋದಮೇಲೆ ಅವನನ್ನು ಕೂರಿಸಿಕೊಂಡಳು.

“ಇದು ಯಾವ ಅಕ್ಷರ, ಟೋಟೊ?” ಆ ಕಡೆ ಗಂಡುಮಕ್ಕಳನ್ನು ಕರೆಯುವುದೇ ಹಾಗೆ.

“ಕನ್ನಡಕ ತಂದಿಲ್ಲ ಮ್ಯಾಮ್.”

“ನಿಂಗೆ ಕನ್ನಡಕ ಯಾವಾಗ ಬಂತೋ?”

“ಅದೇ ಮ್ಯಾಮ್, ಇನ್ನೂ ಬಂದಿಲ್ಲ.”

ಅವಳಿಗೆ ನಗು ಬಂತು. ಆಮೇಲೆ ಅವನ ಹಳೆಯ ಕಾರ್ಡುಗಳನ್ನು ತೆಗೆದು ನೋಡಿದಳು. ಒಂಬತ್ತು ತರಗತಿಗಳ ಮೇಷ್ಟ್ರುಗಳು ಇವನನ್ನು ಪೊರಕೆಯ ಲೆಕ್ಕದಲ್ಲಿ ದಾಟಿಸಿದ್ದರು.

ಮರುದಿನದಿಂದ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಪಾಠ ಶುರುವಾಯಿತು, ಒಂದನೇ ತರಗತಿಯ ಪುಸ್ತಕದಿಂದ.

“ಬಾಗಿಲು ಹಾಕಿ ಮ್ಯಾಮ್. ಆ ನನ್ಮಕ್ಳು ನೋಡಿದ್ರೆ ನನ್ನ ಹೆಸ್ರೇ ಒಂದ್ನೇ ಕ್ಲಾಸು ಅಂತ ಇಡ್ತಾರೆ.”

ಅವಳ ಡಬ್ಬಿಯ ಅನ್ನ, ಒಣಮೀನು ಇಬ್ಬರಿಗೂ ಆಗುತ್ತಿತ್ತು. ಹುಡುಗ ಬೆವರುತ್ತಿದ್ದ, ಬೆರಳನ್ನು ಅಕ್ಷರದ ಕೆಳಗೆ ಒತ್ತಿ ಒತ್ತಿ ಓದುತ್ತಿದ್ದ. ಕ್ರಿಸ್‌ಮಸ್ ಕಳೆಯುವಷ್ಟರಲ್ಲಿ ಸಣ್ಣ ಮಾತುಗಳು ಬಂದವು. ಆಮೇಲೆ ಸೋಪಿನ ಪೊಟ್ಟಣ, ಬಸ್ಸಿನ ಹಲಗೆ ಎಲ್ಲವನ್ನೂ ಓದಿ ಬಂದು ವರದಿ ಒಪ್ಪಿಸತೊಡಗಿದ. ಅಷ್ಟು ವರ್ಷ ಪಾಠ ಮಾಡಿದ್ದ ನಿಲಾ ಮ್ಯಾಮ್‌ಗೆ ತಾನು ಮೇಷ್ಟ್ರು ಅನ್ನಿಸಿದ್ದು ಆಗಲೇ.

ವರ್ಷ ಮುಗಿಯುತ್ತ ಬಂತು. ಪಾಸಾದರೆ ಅವನು ಪಕ್ಕದ ಕಟ್ಟಡದ ಹನ್ನೊಂದಕ್ಕೆ ಹೋಗುತ್ತಾನೆ, ಅಲ್ಲಿ ಕೈಹಿಡಿದು ಓದಿಸುವವರಿಲ್ಲ, ಕಲಿತದ್ದೂ ಮರೆತುಹೋಗುತ್ತದೆ. ಇನ್ನೊಂದು ವರ್ಷ ತನ್ನ ಹತ್ತಿರ ಇದ್ದರೆ ಪುಸ್ತಕವನ್ನೇ ಓದುತ್ತಾನೆ. ಅವಳು ಲೆಕ್ಕ ಹಾಕಿದ್ದು ಹೀಗೆ, ಅಂಕಪಟ್ಟಿಯಲ್ಲಿ ಅವನನ್ನು ಫೇಲು ಮಾಡಿದಳು. ಹುಡುಗನಿಗೆ ಮಾತ್ರ ಹೇಳಲಿಲ್ಲ. ಹೇಳಿದರೆ ಮಧ್ಯಾಹ್ನ ಬರುವುದನ್ನು ಬಿಟ್ಟಾನು ಎಂಬ ಹೆದರಿಕೆ.

ಹೆಡ್‌ಮಾಸ್ಟರ್ ಟಿಂಗ್ಸನ್ ಕರೆಸಿದರು. “ಏನ್ ನಿಲಾ ಇದು? ನಮ್ಮಲ್ಲಿ ಯಾರೂ ಫೇಲಾಗಲ್ಲ. ಮೇಲಿನವರಿಗೆ ಏನಂತ ಹೇಳ್ಲಿ?”

“ಹುಡುಗನಿಗೆ ಓದಕ್ಕೆ ಬರಲ್ಲ ಅಂತ ಹೇಳಿ ಸರ್.”

“ಅದೇನು ಈ ವರ್ಷದ ಸುದ್ದೀನಾ?”

ಆ ಮಾತಿಗೆ ಅವಳ ಹಟ ಇಮ್ಮಡಿಯಾಯಿತು. ಒಳಗೊಳಗೇ ಹೆಮ್ಮೆಯೂ ಆಯಿತೆನ್ನಬೇಕು.

ಸುದ್ದಿ ಹೇಗೋ ಸೋರಿ ಜೆರ್ವಿನ್‌ನ ತಾಯಿ ಡೆಲಿಯಾ ಪೊರಕೆಯ ಕಟ್ಟು ಹೊತ್ತು ಬಂದಳು.

“ಪರಕೆ ಬೇಡ ಡೆಲಿಯಾ. ಇನ್ನೊಂದು ವರ್ಷ ನನ್ನ ಹತ್ರ ಇರ್ಲಿ. ಚೆನ್ನಾಗಿ ಓದೋ ಹಾಗೆ ಮಾಡಿ ಕಳಿಸ್ತೀನಿ.”

ಡೆಲಿಯಾ ತಲೆಯಾಡಿಸಿ ಹೋದಳು. ಮರುದಿನ ಅದರ ಎರಡರಷ್ಟು ಪೊರಕೆ ಹೊತ್ತು ಬಂದಳು. ಬೇಡವೆಂದದ್ದು ಸಾಲದು ಎಂದಂತೆ ಅವಳಿಗೆ ಕೇಳಿಸಿತ್ತು, ಆ ಶಾಲೆಯಲ್ಲಿ ಅದಕ್ಕೆ ಬೇರೆ ಅರ್ಥವೇ ಇರಲಿಲ್ಲ.

“ರಾತ್ರಿಯೆಲ್ಲ ಕೂತು ಕಟ್ಟಿದೀನಿ ಮ್ಯಾಮ್. ಹತ್ತು ಮುಗಿದ್ರೆ ಸಕ್ಕರೆ ಮಿಲ್ಲಿನ ಗೇಟಲ್ಲಿ ಕೆಲಸ ಕೊಡಿಸ್ತೀನಿ ಅಂದಿದಾನೆ ನನ್ನ ತಮ್ಮ. ಇಲ್ದಿದ್ರೆ ಅವರಪ್ಪ ಕಬ್ಬು ಕಡಿಯೋಕೆ ಎಳ್ಕೊಂಡು ಹೋಗ್ತಾನೆ.”

“ನಿನ್ನ ಗಂಡನ ಹತ್ರ ನಾನೇ ಮಾತಾಡ್ತೀನಿ” ಎಂದಳು ಮ್ಯಾಮ್. ಪೊರಕೆ ಕೊಟ್ಟಾಯಿತು, ಇನ್ನು ಪಾಸೇ ಎಂದುಕೊಂಡು ಡೆಲಿಯಾ ಕಟ್ಟನ್ನು ಅಲ್ಲೇ ಬಿಟ್ಟು ಹೋದಳು. ಮ್ಯಾಮ್ ಮಾತಾಡಲು ಹೋಗಲಿಲ್ಲ. ವರ್ಷದ ಕೊನೆಯ ಗಡಿಬಿಡಿಯಲ್ಲಿ ಅದು ಉಳಿದೇಹೋಯಿತು.

ಕಾರ್ಡು ಕೊಡುವ ದಿನ ತಾಯಂದಿರೆಲ್ಲ ಸಾಲಾಗಿ ನಿಂತಿದ್ದರು. ತನ್ನ ಸರದಿಯಲ್ಲಿ ಕಾರ್ಡು ಈಸಿಕೊಂಡ ಡೆಲಿಯಾ ಅದನ್ನು ಅತ್ತಿತ್ತ ತಿರುಗಿಸಿ ಮಗನ ಕೈಗೆ ಕೊಟ್ಟಳು. ಅವಳಿಗೆ ಅಕ್ಷರ ಬಾರದು.

“ಓದು ಟೋಟೊ. ನಿಂಗೀಗ ಬರುತ್ತಂತಲ್ಲ. ಎಲ್ಲರೂ ಕೇಳ್ಲಿ.”

ಜೆರ್ವಿನ್ ಗಂಟಲು ಸರಿಮಾಡಿಕೊಂಡ. ಅಕ್ಷರದ ಕೆಳಗೆ ಬೆರಳಿಟ್ಟ. “ಹತ್ತನೇ... ತರ... ತರಗತಿಯಲ್ಲೇ... ಉಳಿ... ಉಳಿಸ... ಲಾಗಿದೆ.”

ಮೇಜಿನ ಆಚೆ ನಿಲಾ ಮ್ಯಾಮ್‌ಳ ತುಟಿಯೂ ಅವನ ಜೊತೆ ಅಲ್ಲಾಡುತ್ತಿತ್ತು. ಅಷ್ಟು ಉದ್ದದ ಮಾತನ್ನು ಅವನು ತಾನಾಗಿ ಓದಿದ್ದು ಅದೇ ಮೊದಲು. ಅವಳಿಗೆ ಖುಷಿಯಾಯಿತು. ಹುಡುಗನಿಗೆ ಓದಿದ್ದರ ಅರ್ಥ ಹತ್ತಿ, ಅವನು ತಲೆಯೆತ್ತಿ ಅವಳ ಮುಖ ನೋಡಿದಾಗಲೂ ಆ ಖುಷಿ ಅವಳ ಮುಖದ ಮೇಲೆ ಹಾಗೇ ಇತ್ತು. ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಜೆರ್ವಿನ್ ಕಾರ್ಡನ್ನು ಮೇಜಿನ ಮೇಲಿಟ್ಟು ಹೊರಗೆ ನಡೆದ.

ಜೂನ್‌ನಲ್ಲಿ ಶಾಲೆ ತೆರೆದಾಗ ಅವನ ಜಾಗ ಖಾಲಿ. ಅವಳು ಹುಡುಕಿಕೊಂಡು ಮನೆಗೆ ಹೋದಳು. ಡೆಲಿಯಾ ಕೂರಲು ಹೇಳಿದಳು, ನೀರು ಕೊಟ್ಟಳು, ಬೈಯಲಿಲ್ಲ.

“ಅವರಪ್ಪನ ಜೊತೆ ಗುತ್ತಿಗೆದಾರನ ಲಾರಿ ಹತ್ತಿದ. ಯಾವ ಊರೋ, ಹಡಗಲ್ಲಿ ಹೋಗ್ಬೇಕಂತೆ. ನೀವು ಇನ್ನೊಂದು ವರ್ಷ ಇರ್ಲಿ ಅಂದ್ರಿ. ಆ ವರ್ಷಾನ ನಾನೆಲ್ಲಿಂದ ತರ್ಲಿ ಮ್ಯಾಮ್?”

ನಿಲಾ ಮ್ಯಾಮ್ ನೀರು ಕುಡಿದು ಲೋಟ ಕೆಳಗಿಟ್ಟಳು. ಆ ತರಗತಿಯಲ್ಲಿ ಓದಲು ಬಾರದವರು ಇನ್ನೂ ಕೆಲವರಿದ್ದರು. ಅವರೆಲ್ಲ ಮೇಣ, ಪರದೆ ಕೊಟ್ಟು ಪಾಸಾಗಿ ಪಕ್ಕದ ಕಟ್ಟಡದಲ್ಲಿ ಹಾಯಾಗಿ ಕೂತಿದ್ದರು. ಶಾಲೆ ಬಿಟ್ಟವನು, ಓದಲು ಕಲಿತ ಜೆರ್ವಿನ್ ಒಬ್ಬನೇ.